ಎಂ. ವಿ. ಗೋಪಾಲಸ್ವಾಮಿ

ಎಂ. ವಿ. ಗೋಪಾಲಸ್ವಾಮಿ (1896–1957) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು.

ಮನಶ್ಶಾಸ್ತ್ರಜ್ಞರಾಗಿ

ಗೋಪಾಲಸ್ವಾಮಿ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಸಾಮಾನ್ಯ ಬುದ್ಧಿಶಕ್ತಿಯ ಸಿದ್ಧಾಂತವನ್ನು 1904ರಲ್ಲಿ ಮಂಡಿಸಿದ ಸ್ಪಿಯರ್‌ಮನ್, ಆ ಕಾಲದ ಅಗ್ರಗಣ್ಯ ಮನಶ್ಶಾಸ್ತ್ರಜ್ಞರಲ್ಲಿ ಒಬ್ಬರು. ಸ್ವದೇಶಕ್ಕೆ ಮರಳಿದ ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನೂ ಪ್ರಯೋಗಾಲಯವನ್ನೂ ಕಟ್ಟಿದರು. ಕಲ್ಕತ್ತೆಯ ವಿಭಾಗವನ್ನು ಬಿಟ್ಟರೆ ದೇಶದಲ್ಲಿ ಇದೇ ಹಳೆಯದು. ಮುಂದೆ ಅವರು ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು.

ಮನೆಯೊಳಗಿನ ಬಾನುಲಿ

ಇಂದಿನ ಮೈಸೂರು ಆಕಾಶವಾಣಿ ಕೇಂದ್ರಕ್ಕೆ ಸಮೀಪದಲ್ಲಿದ್ದ ‘ವಿಠ್ಠಲ ವಿಹಾರ’ ಅವರ ಮನೆ. 1935ರ ಸೆಪ್ಟೆಂಬರ್ 10ರಂದು ಅಲ್ಲಿಂದ 30 ವ್ಯಾಟ್ ಶಕ್ತಿಯ ಪ್ರಸಾರಕದ ಮೂಲಕ ಪ್ರಸಾರ ಆರಂಭವಾಯಿತು. ಮೊದಲ ಪ್ರಸಾರದಲ್ಲಿ ಕುವೆಂಪು ತಮ್ಮ ಕವಿತೆಯನ್ನು ಓದಿದರು. ಆರಂಭದ ವೆಚ್ಚವೆಲ್ಲ ಗೋಪಾಲಸ್ವಾಮಿಯವರದೇ. ಸಂಬಳದಲ್ಲಿ ಬದುಕುವ ಅಧ್ಯಾಪಕರಿಗೆ ಇದು ಬಹುಕಾಲ ಹೊರಬಹುದಾದ ಹೊರೆಯಾಗಿರಲಿಲ್ಲ. ಮೈಸೂರು ಪುರಸಭೆ ಮತ್ತು ಸಾರ್ವಜನಿಕರ ನೆರವು ದೊರೆತ ನಂತರ 250 ವ್ಯಾಟ್‌ನ ಪ್ರಸಾರಕ ಬಂದಿತು. ಶಕ್ತಿ ಎಂಟು ಪಟ್ಟಿಗಿಂತ ಹೆಚ್ಚಿತಾದರೂ, ಕೇಳುಗರ ಆಂಟೆನಾವನ್ನು ತಲುಪುವ ಸಂಕೇತದ ಪ್ರಬಲತೆ ಶಕ್ತಿಯ ವರ್ಗಮೂಲದಷ್ಟೇ ಏರುತ್ತದೆ. ಎಂದರೆ ಸುಮಾರು 2.9 ಪಟ್ಟು. ವ್ಯಾಟ್‌ಗಳ ಅಂಕಿ ಸೂಚಿಸುವಷ್ಟು ವ್ಯತ್ಯಾಸ ಕಿವಿಗೆ ಕಾಣಿಸದಿರುವುದು ಇದರಿಂದಲೇ.

ಪ್ರಸಾರವನ್ನು ಕೇಳಲು ಗ್ರಾಹಕ ಯಂತ್ರ ಬೇಕು. ಆಗ ಅದು ಕೆಲವರ ಮನೆಯಲ್ಲಿ ಮಾತ್ರ ಇತ್ತು. ಅಗ್ಗವಾದುದು ಹರಳಿನ ಸೆಟ್. ಅದಕ್ಕೆ ವಿದ್ಯುತ್ ಬೇಡ, ಆದರೆ ಕೇಂದ್ರದ ಸಮೀಪದಲ್ಲಷ್ಟೇ, ಅದೂ ಹೆಡ್‌ಫೋನಿನಲ್ಲಿ ಒಬ್ಬರಿಗೆ ಮಾತ್ರ ಕೇಳಿಸುತ್ತಿತ್ತು. ಮನೆಮಂದಿಯೆಲ್ಲ ಕುಳಿತು ಕೇಳುವಂತೆ ಧ್ವನಿವರ್ಧಕವನ್ನು ನುಡಿಸಲು ವಾಲ್ವ್ ಸೆಟ್ಟೇ ಬೇಕಿತ್ತು. ವಿದ್ಯುತ್ ಬಂದಿದ್ದ ನಗರಗಳಲ್ಲಿ ಅದನ್ನು ನೇರವಾಗಿ ವಿದ್ಯುತ್ ಸಂಪರ್ಕದಿಂದ ನಡೆಸಬಹುದಿತ್ತು. ವಿದ್ಯುತ್ ಇಲ್ಲದ ಕಡೆ ವಾಲ್ವಿನ ತಂತುವನ್ನು ಕಾಯಿಸಲು ಒಂದು ಬ್ಯಾಟರಿ, ಆನೋಡಿಗೆ ಹೆಚ್ಚಿನ ವೋಲ್ಟೇಜಿನ ಇನ್ನೊಂದು ಬ್ಯಾಟರಿ ಬೇಕಾಗಿ, ಖರ್ಚು ಮತ್ತೆ ಮತ್ತೆ ಬರುತ್ತಿತ್ತು. ಬ್ರಿಟಿಷ್ ಭಾರತದಲ್ಲಿ 1933ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಸೆಟ್ ಇಟ್ಟುಕೊಳ್ಳುವುದು ಅಪರಾಧವೂ ಆಗಿತ್ತು.

ಈ ಕನ್ನಡ ದನಿ ಕನ್ನಡ ನಾಡಿನ ಎಲ್ಲ ಭಾಗಗಳಿಗೂ ಸಿಗುವಂತಿರಲಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಮೈಸೂರಿನ ಕಿರು ಪ್ರಸಾರಕ ಅಷ್ಟು ದೂರವನ್ನು ನೆಚ್ಚಿಕೆಯಿಂದ ಮುಟ್ಟುವಂತಹುದಲ್ಲ. ಆ ಪ್ರಾಂತ್ಯದ ರಾಜಧಾನಿಯಲ್ಲಿ 1930ರಿಂದ ನಗರಸಭೆಯ ಬಾನುಲಿಯೂ 1938ರಿಂದ ಆಲ್ ಇಂಡಿಯಾ ರೇಡಿಯೊ ಕೇಂದ್ರವೂ ಇದ್ದವು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಷ್ಟರಲ್ಲಿ, 1950ರಲ್ಲಿ, ಧಾರವಾಡದ ಬಾನುಲಿ ಕೇಂದ್ರ ಆರಂಭವಾಗಿತ್ತು.

ಹೆಸರು

‘ಆಕಾಶವಾಣಿ’ ಎಂಬ ಹೆಸರಿನ ಶ್ರೇಯವನ್ನು ಹಲವರು ಗೋಪಾಲಸ್ವಾಮಿಯವರಿಗೆ ಸಲ್ಲಿಸುತ್ತಾರೆ. ಕೇಂದ್ರದ ಕೆಲಸದಲ್ಲಿ ಅವರಿಗೆ ಜೊತೆಯಾಗಿದ್ದ ಲೇಖಕ ನಾ. ಕಸ್ತೂರಿಯವರೇ ಅದನ್ನು ಸೂಚಿಸಿದವರೆಂಬ ಅಭಿಪ್ರಾಯವೂ ಇದೆ. ರವೀಂದ್ರನಾಥ ಠಾಕೂರರು ಕಲ್ಕತ್ತೆಯ ಬಾನುಲಿಗಾಗಿ ಈ ಪದವನ್ನು ಬಳಸಿದ್ದು 1939ರ ಸುಮಾರಿಗೆ, ಎಂದರೆ ಮೈಸೂರಿನ ನಂತರ. ಪುರಾಣ ಕಥೆಗಳ ಅಶರೀರವಾಣಿಯನ್ನು ಬಲ್ಲ ಜನರಿಗೆ, ಮಾತನಾಡುವವರು ಕಾಣದ ಈ ದನಿಗೆ ಇದಕ್ಕಿಂತ ಸಹಜವಾದ ಹೆಸರು ಸಿಗುವುದು ಕಷ್ಟ.

ಹಸ್ತಾಂತರ ಮತ್ತು ನಂತರ

1940ರ ದಶಕದ ಆರಂಭದಲ್ಲಿ ಕೇಂದ್ರವನ್ನು ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊಗೆ ಸೇರಿ, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅದೇ ದಶಕದ ಉತ್ತರಾರ್ಧದಲ್ಲಿ ‘ಆಕಾಶವಾಣಿ’ ಎಂಬುದು ರಾಷ್ಟ್ರೀಯ ಬಾನುಲಿಯ ಅಧಿಕೃತ ಹೆಸರಾಯಿತು. ಗೋಪಾಲಸ್ವಾಮಿ 1957ರಲ್ಲಿ ನಿಧನರಾದರು. ಮೈಸೂರಿನಲ್ಲಿ ಬಾನುಲಿ ಕೇಂದ್ರ ಮತ್ತೆ ಆರಂಭವಾದದ್ದು 1974ರಲ್ಲಿ.