ಕಪ್ಪೆಗೆ ಚಡ್ಡಿ ತೊಡಿಸಿದ ಪಾದ್ರಿ: ಲಾಜ್ಜಾರೊ ಸ್ಪಲ್ಲಂಜಾನಿ

ಎಂಟನೆಯ ತರಗತಿಯಲ್ಲಿ ಪ್ರಾಣಿಗಳ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮಲ್ಲಿ ಅನೇಕ ಪ್ರಶಿಕ್ಷಣಾರ್ಥಿಗಳು ಪುಟವನ್ನು ಬೇಗ ಬೇಗ ತಿರುವಿಬಿಡುತ್ತೇವೆ. ನಾಚಿಕೆ ನಮ್ಮದು, ಮಕ್ಕಳದ್ದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಯ ಮಕ್ಕಳಿಗೆ ಎಮ್ಮೆ ಬೆದೆಗೆ ಬಂದದ್ದು, ದನದ ದವಾಖಾನೆಗೆ ಹೊಡೆದುಕೊಂಡು ಹೋಗಿ ಇಂಜೆಕ್ಷನ್ ಮಾಡಿಸಿದ್ದು, ಗಬ್ಬ ನಿಂತದ್ದು ಅಥವಾ ನಿಲ್ಲದೆ ಮತ್ತೆ ಬೆದೆಗೆ ತಿರುಗಿದ್ದು ಎಲ್ಲವೂ ಗೊತ್ತು. ನನ್ನ ಬೋಧನಾಭ್ಯಾಸದ ಒಂದು ಪಾಠದಲ್ಲಿ, ಈ ಇಂಜೆಕ್ಷನ್ನನ್ನು ಮೊದಲು ಮಾಡಿದವರು ಯಾರು ಎಂದು ಒಬ್ಬ ಹುಡುಗ ಕೇಳಿದ. ಹೊರದೇಶದ ಒಬ್ಬ ವಿಜ್ಞಾನಿ ಎಂದು ಹೇಳಿ ಮುಂದೆ ಸಾಗಿದೆ. ಅದು ಉತ್ತರವಲ್ಲ ಎಂದು ಆ ಹುಡುಗನಿಗೂ ತಿಳಿಯಿತು. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಾಜ್ಜಾರೊ ಸ್ಪಲ್ಲಂಜಾನಿ 1729ರ ಜನವರಿಯಲ್ಲಿ ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ತಂದೆ ವಕೀಲ. ಮಗನೂ ವಕೀಲನಾಗಲಿ ಎಂದು ಅವನನ್ನು ಬೊಲೊನ್ಯ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಕಳಿಸಿದ. ಅಲ್ಲಿ ಅವರ ಬಂಧು ಲೌರಾ ಬಸ್ಸಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಯುರೋಪಿನಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಆಕೆ ಒಬ್ಬಳು. ಅವಳ ಪಾಠ ಕೇಳಿದ ಮೇಲೆ ಹುಡುಗನಿಗೆ ಕಾನೂನು ರುಚಿಸಲಿಲ್ಲ. ಒಬ್ಬ ಒಳ್ಳೆಯ ಶಿಕ್ಷಕಿ ಸಿಕ್ಕಿದ್ದರಿಂದ ಒಬ್ಬ ವಕೀಲ ಕಡಿಮೆಯಾಗಿ ಒಬ್ಬ ಜೀವವಿಜ್ಞಾನಿ ಹೆಚ್ಚಾದ. ಮುಂದೆ ಅವನು ಪಾದ್ರಿಯ ದೀಕ್ಷೆ ಪಡೆದ. ರೆಜ್ಜಿಯೊ, ಮೊದೆನಾಗಳಲ್ಲಿ ಪಾಠ ಹೇಳಿ 1769ರಲ್ಲಿ ಪಾವಿಯಾ ವಿಶ್ವವಿದ್ಯಾಲಯಕ್ಕೆ ಬಂದು ಕೊನೆಯವರೆಗೂ ಅಲ್ಲೇ ಉಳಿದ.

ನಮ್ಮ ಪಠ್ಯಗಳಲ್ಲಿ ಅವನ ಹೆಸರು ಬರುವುದು ಕುದಿಸಿದ ಸಾರಿನ ಪ್ರಯೋಗದಿಂದ. ಸಾರನ್ನು ಗಾಜಿನ ಬುರುಡೆಯಲ್ಲಿ ಹಾಕಿ, ಬಾಯಿ ಕರಗಿಸಿ ಮುಚ್ಚಿ, ಸಾಕಷ್ಟು ಹೊತ್ತು ಕುದಿಸಿದರೆ ಅದರಲ್ಲಿ ಜೀವಾಣು ಹುಟ್ಟುವುದಿಲ್ಲ ಎಂದು 1765ರಲ್ಲಿ ತೋರಿಸಿದ. ಪಾಶ್ಚರ್ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲಿನ ಮಾತು ಇದು. ಆದರೆ ಕೊಟ್ಟಿಗೆಗೆ ಸಂಬಂಧಿಸಿದ ಕೆಲಸ ಬೇರೆಯದು.

ಆ ಕಾಲದಲ್ಲಿ ಗಂಡಿನ ವೀರ್ಯ ಏನು ಮಾಡುತ್ತದೆ ಎಂಬುದು ಯಾರಿಗೂ ಖಚಿತವಿರಲಿಲ್ಲ. ಅದರಲ್ಲಿ ಓಡಾಡುವ ಸಣ್ಣ ಹುಳುಗಳಂಥವನ್ನು ಲೇವನ್‌ಹುಕ್ 1677ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ಅವು ಬರೀ ಪರೋಪಜೀವಿಗಳೆಂದು ಹಲವರು ನಂಬಿದ್ದರು. ವೀರ್ಯ ತತ್ತಿಗೆ ತಾಗಬೇಕಿಲ್ಲ, ಅದರ ಆವಿಯೇ ಸಾಕು ಎನ್ನುವವರೂ ಇದ್ದರು. ಸ್ಪಲ್ಲಂಜಾನಿ ಕಪ್ಪೆಗಳನ್ನು ಹಿಡಿದು ಕುಳಿತ. ಗಂಡು ಕಪ್ಪೆಗಳಿಗೆ ಮೇಣ ಹಚ್ಚಿದ ತೆಳು ಬಟ್ಟೆಯ ಚಡ್ಡಿ ಹೊಲಿಸಿ ತೊಡಿಸಿದ. ಫ್ರಾನ್ಸಿನ ರೆಯೋಮ್ಯೂರ್ ಇದನ್ನು ಮೊದಲೇ ಮಾಡಿ ನೋಡಿದ್ದ, ಫಲ ಸಿಕ್ಕಿರಲಿಲ್ಲ. ಚಡ್ಡಿ ತೊಟ್ಟ ಗಂಡುಗಳು ಎಂದಿನಂತೆ ಹೆಣ್ಣುಗಳನ್ನು ತಬ್ಬಿಕೊಂಡವು, ಹೆಣ್ಣುಗಳು ತತ್ತಿ ಇಟ್ಟವು, ಆದರೆ ಒಂದು ತತ್ತಿಯೂ ಮರಿಯಾಗಲಿಲ್ಲ. ಚಡ್ಡಿಯೊಳಗೆ ಸಿಕ್ಕ ಹನಿಗಳನ್ನು ಬೇರೆ ತತ್ತಿಗಳಿಗೆ ಹಚ್ಚಿದಾಗ ಅವು ಗೊದಮೊಟ್ಟೆಗಳಾದವು. ಒಂದು ಗಾಜಿನ ಬಟ್ಟಲಲ್ಲಿ ವೀರ್ಯವಿಟ್ಟು, ಅದರ ಮೇಲೆ ಕವುಚಿದ ಇನ್ನೊಂದು ಬಟ್ಟಲಿಗೆ ತತ್ತಿಗಳನ್ನು ಅಂಟಿಸಿಟ್ಟ. ಆವಿಯಿಂದ ತತ್ತಿಗಳು ತೇವವಾದವು, ಬೆಳೆಯಲಿಲ್ಲ. ಆವಿಯ ವಾದ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಂಗತಿಯನ್ನೂ ಅವನು ಗಮನಿಸಿದ. ಬಹಳ ನೀರು ಬೆರೆಸಿ ತೆಳುಮಾಡಿದ ವೀರ್ಯದ ಒಂದು ಹನಿಯೂ ತತ್ತಿಯನ್ನು ಫಲಿತಗೊಳಿಸುತ್ತಿತ್ತು. ಇಂದು ಒಂದು ಹೋರಿಯ ಒಂದು ಸಲದ ವೀರ್ಯದಿಂದ ನೂರಾರು ಕಡ್ಡಿ ತುಂಬುವುದು ಇದೇ ಗುಣದಿಂದ. ಹಿಮದಲ್ಲಿಟ್ಟು ತಂಪುಮಾಡಿದರೆ ಆ ಸಣ್ಣ ಹುಳುಗಳ ಓಡಾಟ ನಿಲ್ಲುತ್ತದೆ, ಬೆಚ್ಚಗಾದರೆ ಮತ್ತೆ ಶುರುವಾಗುತ್ತದೆ ಎಂಬುದನ್ನೂ 1776ರಲ್ಲಿ ದಾಖಲಿಸಿದ.

ಈಗ ಅವನ ಬದುಕಿನಲ್ಲಿ ನನ್ನನ್ನು ಬಹಳ ಕಾಡಿದ ಘಟ್ಟ. ವೀರ್ಯವನ್ನು ಕಾಗದದಲ್ಲಿ ಸೋಸಿದ. ಕೆಳಗೆ ಇಳಿದ ತಿಳಿ ದ್ರವಕ್ಕೆ ಶಕ್ತಿ ಇರಲಿಲ್ಲ. ಕಾಗದದ ಮೇಲೆ ಉಳಿದದ್ದನ್ನು ನೀರಿನಲ್ಲಿ ಕದಡಿ ತತ್ತಿಗೆ ಹಚ್ಚಿದರೆ ಗೊದಮೊಟ್ಟೆ ಹುಟ್ಟುತ್ತಿತ್ತು. ಕಾಗದದ ಮೇಲೆ ಉಳಿದದ್ದು ಆ ಹುಳುಗಳೇ, ಅಂದರೆ ಇಂದು ನಾವು ವೀರ್ಯಾಣು ಎನ್ನುವ ಜೀವಕೋಶಗಳು. ಉತ್ತರ ಅವನ ಕೈಯಲ್ಲಿತ್ತು. ಆದರೂ ಫಲಿತಗೊಳಿಸುವುದು ದ್ರವವೇ, ಹುಳುಗಳಿಗೆ ಅದರಲ್ಲಿ ಪಾತ್ರವಿಲ್ಲ ಎಂದು ಬರೆದ. ಏಕೆಂದರೆ ಇಡೀ ಜೀವಿ ತತ್ತಿಯೊಳಗೆ ಮೊದಲೇ ಪುಟ್ಟದಾಗಿ ಸಿದ್ಧವಾಗಿರುತ್ತದೆ, ವೀರ್ಯ ಅದನ್ನು ಎಚ್ಚರಿಸುತ್ತದೆ ಅಷ್ಟೇ ಎಂಬುದು ಅವನ ನಂಬಿಕೆ. ಅವನಿಗೆ ನ್ಯಾಯ ಮಾಡಬೇಕೆಂದರೆ ಇನ್ನೊಂದು ಮಾತನ್ನೂ ಹೇಳಬೇಕು. ಹುಳುಗಳೇ ಇಲ್ಲವೆಂದು ಅವನಿಗೆ ಕಂಡ ನೆಲಗಪ್ಪೆಯ ವೀರ್ಯವೂ ತತ್ತಿಯನ್ನು ಫಲಿತಗೊಳಿಸಿತ್ತು. ಆ ಒಂದು ತಪ್ಪು ವೀಕ್ಷಣೆಯನ್ನು ನೆಚ್ಚಿಕೊಂಡ. ಆದರೆ ತನ್ನ ವಾದಕ್ಕೆ ಅಡ್ಡ ಬರುವ ಸೋಸುವ ಪ್ರಯೋಗವನ್ನು ಬಚ್ಚಿಡಲಿಲ್ಲ. ಹಾಗೆಯೇ ಅಚ್ಚು ಹಾಕಿಸಿದ. 1824ರಲ್ಲಿ ಪ್ರೆವೋ ಮತ್ತು ದ್ಯುಮಾ ಅದೇ ದಾರಿಯಲ್ಲಿ ಮತ್ತೆ ಸೋಸಿ ನೋಡಿ, ವೀರ್ಯಾಣು ಇಲ್ಲದೆ ನಿಷೇಚನ ಇಲ್ಲ ಎಂದರು. ಎರಡೂ ಕೋಶಗಳ ಕೇಂದ್ರಗಳು ಕೂಡುವುದನ್ನು ಕಡಲ ಮುಳ್ಳುಚೆಂಡಿನಲ್ಲಿ ಹರ್ಟ್‌ವಿಗ್ ಕಂಡದ್ದು 1876ರಲ್ಲಿ.

ಕಪ್ಪೆಯ ತತ್ತಿ ನೀರಿನಲ್ಲಿ ಹೊರಗೇ ಇರುತ್ತದೆ. ಒಳಗೆ ಗರ್ಭ ಕಟ್ಟುವ ಪ್ರಾಣಿಯಲ್ಲಿ ಇದು ನಡೆಯುತ್ತದೆಯೇ? 1780ರ ಸುಮಾರಿಗೆ ಅವನು ಒಂದು ಹೆಣ್ಣು ನಾಯಿಯನ್ನು ಕೋಣೆಯಲ್ಲಿ ಕೂಡಿ, ಕೀಲಿ ಹಾಕಿ, ಕೀಲಿಕೈಯನ್ನು ತನ್ನ ಬಳಿಯೇ ಇಟ್ಟುಕೊಂಡ. ಊಟವನ್ನೂ ತಾನೇ ಹಾಕಿದ. ಬೆದೆಯ ಗುರುತು ಕಂಡ ಮೇಲೂ ಅವಸರಪಡದೆ ಕಾದು, ಗಂಡು ನಾಯಿಯ ವೀರ್ಯವನ್ನು ಮೈಬಿಸಿಯಷ್ಟೇ ಬೆಚ್ಚಗಿನ ಪಿಚಕಾರಿಯಿಂದ ಒಳಗೆ ಬಿಟ್ಟ. 62 ದಿನಗಳ ಮೇಲೆ ನಾಯಿ ಮೂರು ಮರಿ ಹಾಕಿತು. ಮರಿಗಳಲ್ಲಿ ತಾಯಿಯ ಹೋಲಿಕೆಯೂ ಇತ್ತು, ವೀರ್ಯ ಕೊಟ್ಟ ನಾಯಿಯ ಹೋಲಿಕೆಯೂ ಇತ್ತು. ಎಲ್ಲವೂ ತತ್ತಿಯಲ್ಲೇ ಮೊದಲೇ ಇದ್ದರೆ ತಂದೆಯ ಹೋಲಿಕೆ ಎಲ್ಲಿಂದ ಬಂತು? ಆ ಮರಿಗಳೇ ಅವನ ನಂಬಿಕೆಗೆ ಎದುರು ನಿಂತಿದ್ದವು ಎಂದು ನನಗೆ ಅನ್ನಿಸುತ್ತದೆ.

ಉಳಿದ ಬದುಕು ಶಾಂತವಾಗಿರಲಿಲ್ಲ. ಅವನು 1785ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದಾಗ, ವಿಶ್ವವಿದ್ಯಾಲಯದ ಸಂಗ್ರಹಾಲಯದ ವಸ್ತುಗಳನ್ನು ಕದ್ದಿದ್ದಾನೆಂದು ಸಹೋದ್ಯೋಗಿಗಳೇ ದೂರು ಕೊಟ್ಟರು. ವಿಚಾರಣೆ ನಡೆಯಿತು, ಆರೋಪ ನಿಲ್ಲಲಿಲ್ಲ. ಆಮೇಲೆ ಅಗ್ನಿಪರ್ವತಗಳನ್ನು ಹತ್ತಿದ. ಕಣ್ಣಿಲ್ಲದ ಬಾವಲಿಗಳೂ ದಾರಗಳ ನಡುವೆ ತಾಗದೆ ಹಾರುವುದನ್ನು ಕಂಡ. ಅದಕ್ಕಾಗಿ ಅವುಗಳ ಕಣ್ಣು ಕಿತ್ತದ್ದನ್ನು ಮಕ್ಕಳ ಮುಂದೆ ಶೌರ್ಯದಂತೆ ಹೇಳಬೇಕಿಲ್ಲ. 1799ರ ಫೆಬ್ರವರಿಯಲ್ಲಿ ಮೂತ್ರಕೋಶದ ಕಾಯಿಲೆಯಿಂದ ತೀರಿಕೊಂಡ.

ನಾಯಿಯಿಂದ ದನಕ್ಕೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ರಷ್ಯಾದ ಇಲ್ಯಾ ಇವಾನೊವ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುದುರೆ, ದನಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ. ಭಾರತದಲ್ಲಿ ಮೊದಲು ಆದದ್ದು ನಮ್ಮ ಇಂದಿನ ಕರ್ನಾಟಕದಲ್ಲೇ. 1939ರಲ್ಲಿ ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಗರ್ಭ ಕಟ್ಟಿಸಿದರು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1949ರಲ್ಲಿ ಇಂಗ್ಲೆಂಡಿನಲ್ಲಿ ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿದರೂ ಸಾಯುವುದಿಲ್ಲವೆಂದು ತಿಳಿಯಿತು. ಹಿಮದಲ್ಲಿ ಸ್ಪಲ್ಲಂಜಾನಿ ಕಂಡದ್ದರ ಮುಂದಿನ ಹೆಜ್ಜೆ ಅದು. ಈಗ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಲ್ಲಿ ಹಳ್ಳಿಗೆ ಬರುತ್ತವೆ.

ಇಷ್ಟಾದರೂ ಕಾಯುವ ಕೆಲಸ ತಪ್ಪಿಲ್ಲ. ಎಮ್ಮೆಗೆ ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಅದು ಒದರದೆ, ಲೋಳೆ ಕಾಣಿಸದೆ ಸುಮ್ಮನೆ ಬಂದು ಹೋಗಿಬಿಡುತ್ತದೆ. ಮೂಕ ಬೆದೆ ಎನ್ನುವುದು ಇದನ್ನೇ. ಒಮ್ಮೆ ತಪ್ಪಿದರೆ ಮತ್ತೆ 21 ದಿನ ಮೇವು ಹಾಕಬೇಕು, ಗಬ್ಬವಾದ ಮೇಲೂ ಈಯಲು ಹತ್ತು ತಿಂಗಳು ಬೇಕು. ಕೊಟ್ಟಿಗೆಯಲ್ಲಿ ಬೆಳಿಗ್ಗೆ ಸಂಜೆ ನೋಡುವ ಕಣ್ಣು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದ್ದು, ಕೆಲವೊಮ್ಮೆ ನಮ್ಮ ತರಗತಿಯಲ್ಲಿ ಕುಳಿತ ಮಕ್ಕಳದ್ದು.

ಮುಂದಿನ ಪಾಠದಲ್ಲಿ ನಾನು ಹಲಗೆಯ ಮೇಲೆ ಎರಡು ಬಟ್ಟಲು ಬರೆದೆ. ಒಂದರಲ್ಲಿ ಸೋಸಿದ ತಿಳಿ, ಇನ್ನೊಂದರಲ್ಲಿ ಕಾಗದದ ಮೇಲೆ ಉಳಿದದ್ದು. ಸ್ಪಲ್ಲಂಜಾನಿಯ ತೀರ್ಮಾನ ಹೇಳಲಿಲ್ಲ, ಫಲಿತಾಂಶ ಮಾತ್ರ ಹೇಳಿದೆ. ಶಕ್ತಿ ಕಾಗದದ ಮೇಲಿನದಕ್ಕೇ ಎಂದು ಇಡೀ ತರಗತಿ ಕೂಗಿತು. ಆಮೇಲೆ ನೆಲಗಪ್ಪೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ಆ ವೀರ್ಯದಲ್ಲಿ ಹುಳುಗಳು ಇರಲೇ ಇಲ್ಲವೋ ಅಥವಾ ಅವನಿಗೆ ಕಾಣಲಿಲ್ಲವೋ ಎಂದು ಕೇಳಿದಳು.