ಗ್ರಹಣದ ದಿನವೂ ರೈಸ್ ಸಾಹೇಬರೂ
1980ರ ಫೆಬ್ರವರಿ 16ರಂದು ಭದ್ರಾವತಿಯ ನಮ್ಮ ಮನೆಯಲ್ಲಿ ಕಿಟಕಿ, ಬಾಗಿಲು ಹಾಕಿದ್ದರು. ಹೊರಗೆ ಪಾರ್ಶ್ವ ಸೂರ್ಯಗ್ರಹಣ. ಹುಡುಗನಾಗಿದ್ದ ನಾನು ನೋಡಲೇ ಇಲ್ಲ.

ಮುಂದೆ ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವಾಗ ಬಿ.ಎಲ್. ರೈಸ್ ಅವರ ಪರಿಚಯವಾಯಿತು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರೂ ಮೊದಲು ಮೇಷ್ಟ್ರೇ. ಶಾಲೆಗಳ ತನಿಖೆಗೆ ಊರೂರು ಸುತ್ತುತ್ತಾ ಶಾಸನಗಳ ಗೀಳು ಹತ್ತಿಸಿಕೊಂಡರು. ಸುಮಾರು 9,000 ಶಾಸನ ಅಚ್ಚಾದವು. ಶಿವಮೊಗ್ಗ ಜಿಲ್ಲೆಯವು 1902, 1904ರ ಎರಡು ಸಂಪುಟಗಳಲ್ಲಿವೆ.

ಸೂರ್ಯಗ್ರಹಣದಂದು ಭೂಮಿ ದಾನ ಬಿಟ್ಟ ಮಾತು ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಶಕವರ್ಷ, ಅಮಾವಾಸ್ಯೆ, ವಾರದ ಜೊತೆ ಗ್ರಹಣದ ಲೆಕ್ಕವೂ ಕೂಡಿದರೆ ತೇದಿ ಗಟ್ಟಿ. ಹಿಂದಿನವರಿಗೆ ದಾನದ ಪುಣ್ಯಕಾಲ, ನಮ್ಮಜ್ಜಿಗೆ ಬರೀ ಭಯ!

ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಕ್ಕಳಿಗೆ ಗ್ರಹಣದ ಕನ್ನಡಕ ಕೊಟ್ಟು ಶಾಲೆಯ ಮೈದಾನಕ್ಕೆ ಕರೆದೊಯ್ದೆ. ನಾನೂ ಆವತ್ತೇ ಮೊದಲು ನೋಡಿದ್ದು.