ಬೋರ್ಡ್ ಮೇಲಿನ ಹೆಸರು

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್‌ಗೆ ಹಳೇ ಕಾರುಗಳ ಹುಚ್ಚು. ಕಳೆದ ಸೆಮಿಸ್ಟರ್‌ನಲ್ಲಿ ಐ.ಸಿ. ಎಂಜಿನ್ ಪೇಪರಿಗೆ ನಿದ್ದೆಗೆಟ್ಟು ಓದುತ್ತಿದ್ದ ರಾತ್ರಿ ಅವನು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. ಅಮೆರಿಕದಲ್ಲಿ ಮಾರಾಟಕ್ಕಿದ್ದ ಒಂದು ಕಾರು. 1969ರ ಷೆವರ್ಲೆ ಕಮಾರೊ. ಎರಡೇ ಬಾಗಿಲು, ಉದ್ದನೆಯ ಬೋನೆಟ್, ಹಿಂದಕ್ಕೆ ಇಳಿಜಾರಾದ ಗಾಜು. ಮಾಲೀಕ ಹಳೇ ಎಂಜಿನ್ ಇಳಿಸಿ ಈ ಕಾಲದ ವಿ8 ಎಂಜಿನ್ ಕೂರಿಸಿದ್ದ. ಡ್ರಮ್ ಬ್ರೇಕ್ ತೆಗೆದು ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿಸಿದ್ದ. ಗೇರ್‌ಬಾಕ್ಸ್, ಸಸ್ಪೆನ್ಷನ್, ಸೀಟು ಎಲ್ಲವೂ ಬದಲು. ಹಳೆಯದು ಅಂತ ಉಳಿದಿದ್ದು ಬಾಡಿ ಮತ್ತು ಅದರ ಮೇಲಿನ ಹೆಸರು ಎರಡೇ. ಅದಕ್ಕೆ ಕೇಳಿದ್ದ ಬೆಲೆಯನ್ನು ರೂಪಾಯಿಗೆ ಬದಲಾಯಿಸಿ ನೋಡಿದರೆ ನಮ್ಮೂರಿನಲ್ಲಿ ಒಂದು ಮನೆಯನ್ನೇ ಕೊಳ್ಳಬಹುದಿತ್ತು.

ಷೆವರ್ಲೆ ಎಂಬ ಹೆಸರು ನನಗೆ ಹೊಸದಲ್ಲ. ನನ್ನಪ್ಪ ಮೆಕ್ಯಾನಿಕ್. ನಾನು ಚಿಕ್ಕವನಿದ್ದಾಗ ಬಾಡಿಗೆಗೆ ಓಡುವ ಷೆವರ್ಲೆ ತವೇರಾಗಳು ಅಪ್ಪನ ಗ್ಯಾರೇಜಿಗೆ ಸಾಲಾಗಿ ಬರುತ್ತಿದ್ದವು. 2017ರ ಕೊನೆಗೆ ಆ ಕಂಪನಿ ಇಂಡಿಯಾದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಆದರೆ ಅದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಗೊತ್ತಿರಲಿಲ್ಲ. ಯಾರಿರಬಹುದು ಈತ ಎಂದು ಹುಡುಕುತ್ತಾ ಹೋದೆ. ಪೇಪರ್ ಹೇಗೋ ಪಾಸಾಯಿತು, ಆ ಮನುಷ್ಯ ಮಾತ್ರ ತಲೆಯಿಂದ ಹೋಗಲಿಲ್ಲ.

ಲೂಯಿ ಷೆವರ್ಲೆ ಹುಟ್ಟಿದ್ದು 1878ರ ಡಿಸೆಂಬರ್ 25ರಂದು, ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋನ್ ಎಂಬ ಊರಿನಲ್ಲಿ. ಅದು ಗಡಿಯಾರಗಳ ಊರು. ಲೂಯಿಯ ಅಪ್ಪನೂ ಗಡಿಯಾರ ಮಾಡುವವನೇ. ಲೂಯಿ ಇನ್ನೂ ಹುಡುಗನಿದ್ದಾಗ ಸಂಸಾರ ಫ್ರಾನ್ಸಿನ ಬೋನ್ ಪಟ್ಟಣಕ್ಕೆ ಬಂತು. ಅಲ್ಲಿ ಆತ ಸೈಕಲ್ ರಿಪೇರಿ ಕಲಿತ, ಸೈಕಲ್ ರೇಸಿನಲ್ಲಿ ಓಡಿದ. ಕಾಲೇಜು, ಡಿಗ್ರಿ ಯಾವುದೂ ಇಲ್ಲ. ಗಡಿಯಾರದವನ ಮಗನಾಗಿ ಬಂದ ಅಳತೆಯ ಶಿಸ್ತು ಮತ್ತು ಸೈಕಲ್ ಅಂಗಡಿಯ ಗ್ರೀಸ್, ಇವೇ ಆತನ ಬಂಡವಾಳ. ಮುಂದೆ ಪ್ಯಾರಿಸ್ಸಿಗೆ ಹೋಗಿ ಮೋಟಾರು ಕಾರುಗಳ ಕೆಲಸ ಕಲಿತು, 1900ರಲ್ಲಿ ಹಡಗು ಹತ್ತಿ ಕೆನಡಾದ ಮಾಂಟ್ರಿಯಲ್‌ಗೆ, ಅಲ್ಲಿಂದ ನ್ಯೂಯಾರ್ಕಿಗೆ ಬಂದ. ಆಗ ಆತನಿಗೆ ಹೆಚ್ಚು ಕಡಿಮೆ ನಮ್ಮ ಪ್ಲೇಸ್‌ಮೆಂಟ್ ವಯಸ್ಸು, 21.

1905ರಲ್ಲಿ ಆತನಿಗೆ ಫಿಯೆಟ್ ರೇಸ್ ಕಾರು ಓಡಿಸುವ ಅವಕಾಶ ಸಿಕ್ಕಿತು. ನ್ಯೂಯಾರ್ಕಿನ ಮಾರಿಸ್ ಪಾರ್ಕಿನಲ್ಲಿ ಒಂದು ಮೈಲಿಯನ್ನು 53 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದ. ಗಂಟೆಗೆ ಸುಮಾರು 110 ಕಿಲೋಮೀಟರ್. ಸೀಟ್‌ಬೆಲ್ಟ್ ಇಲ್ಲದ, ತಲೆಗೆ ಸರಿಯಾದ ಹೆಲ್ಮೆಟ್ ಇಲ್ಲದ ಕಾಲ ಅದು. ಆಗಿನ ಹೆಸರಾಂತ ರೇಸರ್ ಬಾರ್ನಿ ಓಲ್ಡ್‌ಫೀಲ್ಡ್‌ನನ್ನೂ ಸೋಲಿಸಿದ. ಅದೇ ವರ್ಷ ಸೂಝನ್ ಎಂಬಾಕೆಯನ್ನು ಮದುವೆಯಾದ. ರೇಸಿನಲ್ಲಿ ಮೈ ಮುರಿಸಿಕೊಂಡು ಆಸ್ಪತ್ರೆ ಸೇರುವುದು, ವಾಸಿಯಾದ ಮೇಲೆ ಮತ್ತೆ ಕಾರು ಹತ್ತುವುದು, ಇದೇ ಬದುಕಾಯಿತು.

ಈ ಹೊತ್ತಿಗೆ ವಿಲಿಯಂ ಡ್ಯುರಂಟ್ ಎಂಬ ವ್ಯಾಪಾರಿಯ ಕಣ್ಣು ಲೂಯಿ ಮೇಲೆ ಬಿತ್ತು. 1908ರಲ್ಲಿ ಜನರಲ್ ಮೋಟಾರ್ಸ್ ಕಟ್ಟಿದವನು ಇದೇ ಡ್ಯುರಂಟ್. ತನ್ನ ಬ್ಯೂಕ್ ಕಾರುಗಳ ರೇಸ್ ತಂಡಕ್ಕೆ ಲೂಯಿಯನ್ನೂ ಆತನ ತಮ್ಮ ಆರ್ಥರ್‌ನನ್ನೂ ಸೇರಿಸಿಕೊಂಡ. 1910ರಲ್ಲಿ ಸಾಲ ಕೊಟ್ಟ ಬ್ಯಾಂಕಿನವರು ಡ್ಯುರಂಟ್‌ನನ್ನು ಅವನದೇ ಕಂಪನಿಯ ಅಧಿಕಾರದಿಂದ ಇಳಿಸಿದರು. ಅವನು ಸುಮ್ಮನೆ ಕೂರುವ ಆಸಾಮಿಯಲ್ಲ. ಹೊಸ ಕಂಪನಿಗೆ ಜನರ ನಾಲಿಗೆ ಮೇಲಿರುವ ಒಂದು ಹೆಸರು ಬೇಕಿತ್ತು. ರೇಸರ್ ಷೆವರ್ಲೆಯ ಹೆಸರು ಅಷ್ಟರಲ್ಲಿ ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. 1911ರ ನವೆಂಬರ್ 3ರಂದು ಡೆಟ್ರಾಯಿಟ್‌ನಲ್ಲಿ ಷೆವರ್ಲೆ ಮೋಟಾರ್ ಕಾರ್ ಕಂಪನಿ ಶುರುವಾಯಿತು. ಹಣ ಮತ್ತು ವ್ಯವಹಾರ ಡ್ಯುರಂಟ್‌ನದು. ಹೆಸರು ಮತ್ತು ಕಾರಿನ ಕೆಲಸ ಲೂಯಿಯದು.

ಲೂಯಿ ತಯಾರಿಸಿದ ಮೊದಲ ಕಾರು ಕ್ಲಾಸಿಕ್ ಸಿಕ್ಸ್. ಆರು ಸಿಲಿಂಡರ್, 4.9 ಲೀಟರ್ ಎಂಜಿನ್, 40 ಅಶ್ವಶಕ್ತಿ, ಗಂಟೆಗೆ 100 ಕಿಲೋಮೀಟರ್ ದಾಟುವ ಓಟ. ಬೆಲೆ 2,150 ಡಾಲರ್. ಅದೇ ಕಾಲಕ್ಕೆ ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಅದರ ಮೂರನೇ ಒಂದು ಭಾಗದಷ್ಟು ಬೆಲೆಗೆ ಸಿಗುತ್ತಿತ್ತು. ಡ್ಯುರಂಟ್‌ಗೆ ಬೇಕಿದ್ದದ್ದು ಫೋರ್ಡ್‌ಗೆ ಎದುರು ನಿಲ್ಲುವ ಅಗ್ಗದ ಕಾರು. ಲೂಯಿಗೆ ತನ್ನ ಹೆಸರು ಹೊತ್ತ ಕಾರು ಅಗ್ಗದ್ದಾಗಿರುವುದು ಇಷ್ಟವಿರಲಿಲ್ಲ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಎರಡೂ ಒಂದೇ ಫ್ಯಾಕ್ಟರಿಯಲ್ಲಿ ನಡೆಯುವಂತಿರಲಿಲ್ಲ. 1913ರಲ್ಲಿ ಜಗಳ ಮುರಿದುಬಿತ್ತು. ಲೂಯಿ ಸಿಟ್ಟಿನ ಮನುಷ್ಯ. ಕಂಪನಿ ಬಿಟ್ಟ, ತನ್ನ ಪಾಲಿನ ಷೇರುಗಳನ್ನೂ ಮಾರಿ ಕೈತೊಳೆದುಕೊಂಡ. ಹೆಸರು ಮಾತ್ರ ಕಂಪನಿಯ ಆಸ್ತಿಯಾಗಿ ಅಲ್ಲೇ ಉಳಿಯಿತು. ಇವತ್ತು ಆ ಕಾರುಗಳ ಮುಂದೆ ಕಾಣುವ ಬೋ ಟೈ ಗುರುತು ಬಂದದ್ದೂ ಅದೇ 1913ರಲ್ಲಿ. ಗುರುತು ಒಳಗೆ ಬಂತು, ಗುರುತಿನ ಹಿಂದಿನ ಮನುಷ್ಯ ಹೊರಗೆ ಹೋದ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಹೊರಗೆ ಕಾರಿಡಾರಿಗೆ ಹೋಗಿ ನಿಂತೆ. ಯಾಕೆಂದರೆ ಇಂಥದ್ದೇ ಒಂದು ಬೋರ್ಡ್ ನಮ್ಮೂರ ಬೈಪಾಸಿನಲ್ಲಿ ಇದೆ.

ಅಪ್ಪ ಮತ್ತು ಅವನ ಗೆಳೆಯ ಸೇರಿ ಆ ಗ್ಯಾರೇಜ್ ತೆರೆದಿದ್ದರು. ಬೋರ್ಡಿಗೆ ಅಪ್ಪ ಇಡಿಸಿದ್ದು ನನ್ನ ಅಜ್ಜಿಯ ಹೆಸರು. ಅಪ್ಪನದು ಎಂಜಿನ್ ಪೂರ್ತಿ ಬಿಚ್ಚಿ ನೋಡದೆ ಬಿಲ್ ಬರೆಯದ ಸ್ವಭಾವ. ಪಾಲುದಾರರಿಗೆ ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗಲೇಬೇಕು ಎಂಬ ಲೆಕ್ಕ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಿಟ್ಟಿನಲ್ಲಿ ಎದ್ದು ಬಂದ. ಕೊಟ್ಟಷ್ಟು ದುಡ್ಡು ತೆಗೆದುಕೊಂಡ, ಬೋರ್ಡ್ ಕೇಳಲಿಲ್ಲ. ಈಗ ಬೇರೆಯವರ ಗ್ಯಾರೇಜಿನಲ್ಲಿ ಸಂಬಳಕ್ಕೆ ಕೆಲಸ ಮಾಡುತ್ತಾನೆ. ಬಸ್ಸಿನಲ್ಲಿ ಊರಿಗೆ ಹೋಗುವಾಗಲೆಲ್ಲ ಅಜ್ಜಿಯ ಹೆಸರು ಕಿಟಕಿಯಲ್ಲಿ ಬಂದು ಹೋಗುತ್ತದೆ. ಇಂಜಿನಿಯರಿಂಗ್ ಸೇರುವ ದಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ನಾನು ವ್ಯಾಪಾರ ಅಂತ ಬರೆದೆ. ಅಪ್ಪ ಪಕ್ಕದಲ್ಲೇ ನಿಂತಿದ್ದ. ನೋಡಿದ, ಏನೂ ಹೇಳಲಿಲ್ಲ.

ಮತ್ತೆ ಲೂಯಿ ಕಥೆಗೆ ಬರುತ್ತೇನೆ. ಆತ ಹೋದ ಮೇಲೆ ಡ್ಯುರಂಟ್ 490 ಎಂಬ ಅಗ್ಗದ ಷೆವರ್ಲೆ ತಂದ. 490 ಡಾಲರ್ ಬೆಲೆ, ಅದೇ ಹೆಸರು. ಅದು ಎಷ್ಟು ಓಡಿತೆಂದರೆ ಷೆವರ್ಲೆಯ ಷೇರುಗಳನ್ನು ಕೊಟ್ಟು ಜನರಲ್ ಮೋಟಾರ್ಸ್‌ನ ಷೇರುಗಳನ್ನು ಬಾಚಿಕೊಂಡ ಡ್ಯುರಂಟ್ 1916ರಲ್ಲಿ ಮತ್ತೆ ಅಲ್ಲಿನ ಗದ್ದುಗೆ ಏರಿದ. 1918ರಲ್ಲಿ ಷೆವರ್ಲೆ ಕಂಪನಿ ಜನರಲ್ ಮೋಟಾರ್ಸ್ ಒಳಗೆ ಸೇರಿತು. ಲೂಯಿ ಮಾರಿದ ಷೇರುಗಳು ಅಷ್ಟರಲ್ಲಿ ಯಾರದೋ ಕೈಯಲ್ಲಿ ಚಿನ್ನವಾಗಿದ್ದವು.

ಆದರೆ ಲೂಯಿ ಕೈಕಟ್ಟಿ ಕೂತಿರಲಿಲ್ಲ. ತಮ್ಮಂದಿರಾದ ಆರ್ಥರ್ ಮತ್ತು ಗ್ಯಾಸ್ಟನ್ ಜೊತೆ ಫ್ರಾಂಟೆನಾಕ್ ಎಂಬ ಹೆಸರಿನಲ್ಲಿ ರೇಸ್ ಕಾರು ಕಟ್ಟತೊಡಗಿದ. ಬೇರೆ ಹೆಸರು ಬೇಕಾಗಿತ್ತು, ಏಕೆಂದರೆ ಸ್ವಂತದ್ದು ಈಗ ಸ್ವಂತದ್ದಲ್ಲ. ಇಂಡಿಯಾನಾಪೊಲಿಸ್‌ನ 500 ಮೈಲಿ ರೇಸಿನಲ್ಲಿ 1913ರಿಂದ ಯುರೋಪಿನ ಕಾರುಗಳದ್ದೇ ಗೆಲುವು. 1920ರಲ್ಲಿ ಲೂಯಿಯ ಕಾರು ಸ್ಟಿಯರಿಂಗ್ ಕೈಕೊಟ್ಟು ನಿಂತಿತು. ಅದೇ ಕೈಯಿಂದ ತಯಾರಾದ ಇನ್ನೊಂದು ಕಾರಿನಲ್ಲಿ ಕಿರಿಯ ತಮ್ಮ ಗ್ಯಾಸ್ಟನ್ ಗೆದ್ದ. ಆ ಸಂತೋಷ ಆರು ತಿಂಗಳೂ ಉಳಿಯಲಿಲ್ಲ. ನವೆಂಬರ್ 25ರಂದು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್ ರೇಸಿನಲ್ಲಿ ಗ್ಯಾಸ್ಟನ್ ಅಪಘಾತದಲ್ಲಿ ಸತ್ತ. ಮರುವರ್ಷ ಟಾಮಿ ಮಿಲ್ಟನ್ ಎಂಬಾತ ಎಂಟು ಸಿಲಿಂಡರಿನ ಫ್ರಾಂಟೆನಾಕ್‌ನಲ್ಲಿ ಮತ್ತೆ ಇಂಡಿಯಾನಾಪೊಲಿಸ್ ಗೆದ್ದ. ಸತತ ಎರಡು ವರ್ಷ ಲೂಯಿಯ ಕಾರುಗಳು ಗೆದ್ದವು. ಆದರೆ ಗೆದ್ದ ಕಾರಿನಿಂದ ಹೊಟ್ಟೆ ತುಂಬಲಿಲ್ಲ. ಫ್ರಾಂಟೆನಾಕ್ ಹೆಸರಿನಲ್ಲಿ ಜನ ಕೊಳ್ಳುವ ಕಾರು ತರುವ ಪ್ರಯತ್ನ ಕೂಡಿಬರಲಿಲ್ಲ.

ಆಮೇಲೆ ಷೆವರ್ಲೆ ಸೋದರರು ಮಾಡಿದ್ದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಫೋರ್ಡ್ ಮಾಡೆಲ್ ಟಿ ಎಂಜಿನ್ 2.9 ಲೀಟರ್ ಇದ್ದರೂ ಹೊರಬರುತ್ತಿದ್ದದ್ದು ಬರೀ 20 ಅಶ್ವಶಕ್ತಿ. ಅದರ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಒಳಗೆ ಬರುವ ಗಾಳಿ ಮತ್ತು ಪೆಟ್ರೋಲು, ಹೊರಗೆ ಹೋಗುವ ಹೊಗೆ ಎರಡೂ ಸುತ್ತಿ ಬಳಸಿ ಹೋಗಬೇಕು. ಕಂಪ್ರೆಷನ್ನೂ ಕಡಿಮೆ. ಇದಕ್ಕೆ ಸೋದರರು ವಾಲ್ವ್‌ಗಳನ್ನು ನೆತ್ತಿಯ ಮೇಲೆ ಕೂರಿಸಿದ ಹೊಸ ಸಿಲಿಂಡರ್ ಹೆಡ್ ತಯಾರಿಸಿದರು. ಹಳೇ ಹೆಡ್ ಬಿಚ್ಚಿ, ಇದನ್ನು ಬೋಲ್ಟ್ ಮಾಡಿದರೆ ಸಾಮಾನ್ಯ ರೈತನ ಕಾರೂ ರೇಸಿನ ಕಾರಾಗುತ್ತಿತ್ತು. ಜನ ಇದನ್ನು ಫ್ರಂಟಿ ಫೋರ್ಡ್ ಎಂದು ಕರೆದರು. ಊರೂರಿನ ಮಣ್ಣಿನ ಟ್ರ್ಯಾಕುಗಳಲ್ಲಿ ಇವು ಓಡಿದವು. 1923ರ ಇಂಡಿಯಾನಾಪೊಲಿಸ್ ರೇಸಿನಲ್ಲಿ ದುಬಾರಿ ಕಾರುಗಳ ಮಧ್ಯೆ ಒಂದು ಫ್ರಂಟಿ ಫೋರ್ಡ್ ಐದನೇ ಸ್ಥಾನಕ್ಕೆ ಬಂತು. ತನ್ನ ಹೆಸರಿನ ಕಾರಿನ ಎದುರಾಳಿ ಕಂಪನಿಯ ಕಾರನ್ನು ಮಾಡಿಫೈ ಮಾಡಿ ಲೂಯಿ ಅನ್ನ ಸಂಪಾದಿಸಿದ. 1927ರಲ್ಲಿ ಮಾಡೆಲ್ ಟಿ ನಿಂತಿತು. ಆ ಕಾರಿಗೆಂದೇ ಮಾಡಿದ ಹೆಡ್‌ಗಳ ವ್ಯಾಪಾರವೂ ಇಳಿಯಿತು. ಅದೇ ವರ್ಷ ಷೆವರ್ಲೆ ಮಾರಾಟದಲ್ಲಿ ಫೋರ್ಡ್‌ನ್ನು ಹಿಂದಿಕ್ಕಿತು. ಲೂಯಿಗೆ ಅದರಲ್ಲಿ ಬಿಡಿಗಾಸೂ ಇಲ್ಲ.

ಕೊನೆಗೆ ತಮ್ಮ ಆರ್ಥರ್ ಜೊತೆ ವಿಮಾನದ ಎಂಜಿನ್ ಕಂಪನಿ ತೆರೆದ. ಅಣ್ಣ ತಮ್ಮಂದಿರ ನಡುವೆಯೇ ಮನಸ್ತಾಪ ಬಂತು. 1929ರ ಆರ್ಥಿಕ ಕುಸಿತ ಉಳಿದದ್ದನ್ನೂ ತೊಳೆದುಕೊಂಡು ಹೋಯಿತು. 1930ರ ದಶಕದ ಮಧ್ಯದಲ್ಲಿ, ಐವತ್ತೈದು ದಾಟಿದ ಲೂಯಿ ಷೆವರ್ಲೆ ಡೆಟ್ರಾಯಿಟ್‌ನ ಷೆವರ್ಲೆ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದ. ಅದೇ ಹೊತ್ತಿನಲ್ಲಿ ಒಬ್ಬ ಮಗನನ್ನೂ ಕಳೆದುಕೊಂಡ. ಮೆದುಳಿನ ರಕ್ತಸ್ರಾವದಿಂದ ಕೆಲಸ ಬಿಡಬೇಕಾಯಿತು. 1941ರ ಜೂನ್ 6ರಂದು ತೀರಿಕೊಂಡ. ಇಂಡಿಯಾನಾಪೊಲಿಸ್‌ನಲ್ಲಿ ಮಣ್ಣು ಮಾಡಿದರು. ಹೆಸರನ್ನು ಉಳಿಸಿಕೊಂಡ ಡ್ಯುರಂಟ್ ಗೆದ್ದ ಅಂತಲೂ ಹೇಳುವಂತಿಲ್ಲ. ಅವನನ್ನು 1920ರಲ್ಲಿ ಮತ್ತೆ ಜನರಲ್ ಮೋಟಾರ್ಸ್‌ನಿಂದ ಹೊರಹಾಕಿದರು. 1936ರಲ್ಲಿ ದಿವಾಳಿಯಾದ.

ಮೊದಲ ಸಲ ಇದನ್ನು ಓದಿದಾಗ ನನಗೆ ಆ ಫ್ಯಾಕ್ಟರಿಯ ದೃಶ್ಯವೇ ಕಣ್ಣಿಗೆ ಕಟ್ಟಿತು. ಗೇಟಿನ ಮೇಲೆ ತನ್ನದೇ ಹೆಸರು, ಒಳಗೆ ಸ್ಪ್ಯಾನರ್ ಹಿಡಿದು ತಾನು. ಅಯ್ಯೋ ಪಾಪ ಅನಿಸಿತು. ಆಮೇಲೆ ಗೊತ್ತಾಯಿತು, ಇದು ಅಪ್ಪನನ್ನು ನೋಡಿದಾಗ ನನಗೆ ಬರುತ್ತಿದ್ದ ಪಾಪವೇ. ಅರ್ಜಿಯಲ್ಲಿ ವ್ಯಾಪಾರ ಅಂತ ಬರೆಸಿದ್ದೂ ಅದೇ. ಲೂಯಿಯ ತಪ್ಪುಗಳನ್ನು ನಾನು ಮುಚ್ಚಿಡುವುದಿಲ್ಲ. ಸಿಟ್ಟಿನಲ್ಲಿ ಸಹಿ ಹಾಕಿದ, ಲೆಕ್ಕ ನೋಡಲಿಲ್ಲ, ಜೊತೆಯವರನ್ನು ಉಳಿಸಿಕೊಳ್ಳಲಿಲ್ಲ. ಕೆಲಸ ಬಲ್ಲವನಿಗೆ ಕಾಗದ ಓದುವುದೂ ಬರಬೇಕು. ಆಫರ್ ಲೆಟರ್, ಬಾಂಡ್ ಎಂದು ಓಡಾಡುವ ನಮಗೆ ಇದು ಮರೆಯಬಾರದ ಪಾಠ. ಆದರೆ ಸ್ಪ್ಯಾನರ್ ಹಿಡಿದದ್ದು ಆತನ ತಪ್ಪಲ್ಲ. ಆತ ಸೈಕಲ್ ಅಂಗಡಿಯಲ್ಲಿ ಹಿಡಿದಿದ್ದೂ ಅದನ್ನೇ, ಇಂಡಿಯಾನಾಪೊಲಿಸ್ ಗೆಲ್ಲಿಸಿದ್ದೂ ಅದೇ. ಯಾವ ಷೇರುಪತ್ರಕ್ಕೂ ಅದನ್ನು ಕೈಯಿಂದ ಕಿತ್ತುಕೊಳ್ಳಲು ಆಗಲಿಲ್ಲ.

ಕಮಾರೊ ಮಾರುಕಟ್ಟೆಗೆ ಬಂದದ್ದು 1966ರಲ್ಲಿ, ಲೂಯಿ ಸತ್ತು 25 ವರ್ಷದ ಮೇಲೆ. ಅದನ್ನು ಆತ ನೋಡಲಿಲ್ಲ. ಆದರೆ ಅಮೆರಿಕದ ಯಾವುದೋ ಶೆಡ್ಡಿನಲ್ಲಿ ಒಬ್ಬಾತ ಹಳೇ ಎಂಜಿನ್ ಇಳಿಸಿ, ಅದಕ್ಕಿಂತ ಚೆನ್ನಾಗಿ ಉಸಿರಾಡುವ ಎಂಜಿನ್ ಕೂರಿಸಿದ್ದಾನಲ್ಲ, ಅದು ಫ್ರಂಟಿ ಹೆಡ್ಡಿನ ವಂಶದ ಕೆಲಸ. ಆ ಕಾರಿನಲ್ಲಿ ಲೂಯಿಗೆ ಸೇರಬೇಕಾದದ್ದು ಮುಂದಿನ ಹೆಸರಿಗಿಂತ ಬೋನೆಟ್ ಒಳಗಿನ ಆ ಕೆಲಸ.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಅವನು ಒಂದು ತವೇರಾದ ಹೆಡ್ ಬಿಚ್ಚಿ ಕೂತಿದ್ದ. ಡ್ಯುರಂಟ್, ಷೇರು ಯಾವುದರ ಬಗ್ಗೆಯೂ ಕೇಳಲಿಲ್ಲ. ಆ ಫೋರ್ಡ್ ಹೆಡ್ಡಿಗೆ ವಾಲ್ವ್ ಎಷ್ಟಿದ್ದವು, ಗ್ಯಾಸ್ಕೆಟ್ ಏನು ಹಾಕುತ್ತಿದ್ದರು ಎಂದು ಮಾತ್ರ ವಿಚಾರಿಸಿದ. ಗ್ಯಾಸ್ಕೆಟ್ ವಿಷಯ ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿ ಏನು ಕಲಿತೆ ಅನ್ನುವ ಹಾಗೆ ನಕ್ಕ.

ಹೋದ ವಾರ ಪ್ಲೇಸ್‌ಮೆಂಟ್ ನೋಂದಣಿಯ ಫಾರಂ ಬಂತು. ತಂದೆಯ ಉದ್ಯೋಗ ಎಂಬ ಜಾಗ ಅದರಲ್ಲೂ ಇತ್ತು. ಈ ಸಲ ಮೆಕ್ಯಾನಿಕ್ ಅಂತ ಬರೆದೆ.